ನಮ್ಮವರು

ಚುನಾವಣೆಯೂ ಒಂದು ಜಾತ್ರೆಯೇ ಎಂದು ಹೇಳುವವರುಂಟು. ಆದರೆ ಎರಡಕ್ಕೂ ಒಂದು ಭೇದವಿದೆ. ಜಾತ್ರೆ ಮುಗಿದ ಮೇಲೆ, 'ನೀನು ತೇರಿನ ಹಗ್ಗಕ್ಕೆ ಏಕೆ ಕೈ ಹಚ್ಚಿದೆ?' ಎಂದು ನೆರೆಯವನನ್ನು ಯಾರೂ ಕೇಳುವುದಿಲ್ಲ. ಚುನಾವಣೆ ಮುಗಿದ ಮೇಲೆ ಮಾತ್ರ ಆ ಪ್ರಶ್ನೆಯು ಚಹದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಸುತ್ತಾಡುತ್ತದೆ. ಉತ್ತರವಾದರೋ ಪ್ರಶ್ನೆಗಿಂತ ಮೊದಲೇ ಸಿದ್ಧವಾಗಿರುತ್ತದೆ: 'ಜಾತಿ ನೋಡಿ ಹಾಕಿದರು.' ವಿಚಿತ್ರವೆಂದರೆ, ಈ ವಾಕ್ಯಕ್ಕೆ ಉತ್ತಮ ಪುರುಷವೆಂಬುದೇ ಇಲ್ಲ. ಅವರು ಜಾತಿ ನೋಡಿ ಹಾಕುತ್ತಾರೆ. ಇವರು ಜಾತಿ ನೋಡಿ ಹಾಕುತ್ತಾರೆ. 'ನಾನು ಜಾತಿ ನೋಡಿ ಹಾಕಿದೆ' ಎಂದವರನ್ನು ಕಂಡವರು ವಿರಳ.

ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ಕನ್ನಡ ವ್ಯಾಕರಣವನ್ನು ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರಿಗೂ ಈ ಲೋಪ ಬಹುಕಾಲ ಹೊಳೆದಿರಲಿಲ್ಲ. ಅವರು ಈಗ ಬೆಳಗಾವಿಯಲ್ಲಿ ಮಗ-ಸೊಸೆಯರೊಡನೆ ಇದ್ದಾರೆ. ಮನೆಯಲ್ಲಿ ಬೆಳಗಿನ ಉಪಾಹಾರದ ಹೊತ್ತಿಗೆ ರಾಜಕೀಯ ಚರ್ಚೆ ನಡೆಯುತ್ತದೆ. 'ಹಳ್ಳಿಯ ಜನ ಜಾತಿಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ' ಎಂದು ಮಗ ನಿಟ್ಟುಸಿರುಬಿಡುತ್ತಾನೆ. ಅದೇ ಪತ್ರಿಕೆಯ ಒಳಪುಟದಲ್ಲಿ ವಧೂವರರ ಜಾಹೀರಾತುಗಳನ್ನು ಕುಲ, ಗೋತ್ರ, ಒಳಪಂಗಡಗಳ ಸಮೇತ ಸೊಸೆ ತನ್ನ ತಮ್ಮನಿಗಾಗಿ ಗುರುತು ಹಾಕುತ್ತಿರುತ್ತಾಳೆ. ಪತ್ರಿಕೆಯ ಎರಡು ಪುಟಗಳ ನಡುವಣ ಈ ಸಂಬಂಧವು ಆ ಮನೆಯಲ್ಲಿ ಯಾರನ್ನೂ ಕಾಡಿದಂತಿಲ್ಲ.

ಮಾಸ್ತರರು ಬೆಳಗಾವಿಗೆ ಬಂದು ನೆಲಸಿದರೂ ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಟ್ಟೂರಿನಲ್ಲಿಯೇ ಉಳಿಸಿಕೊಂಡರು. ಅಲ್ಲಿ ಅವರ ಹಳೆಯ ಮನೆಯಿದೆ. ವರುಷದಲ್ಲಿ ಕೆಲವು ತಿಂಗಳು ಅಲ್ಲಿಯೇ ಇರುತ್ತಾರೆ. ಆ ಊರು ಸವದತ್ತಿ ತಾಲೂಕಿನ ಸಿರಸಂಗಿ.

ಸಿರಸಂಗಿ ಎರಡು ಕಾರಣಗಳಿಂದ ನಾಡಿಗೆ ಪರಿಚಿತವಾದ ಊರು. ಒಂದು, ಅಲ್ಲಿಯ ಕಾಳಿಕಾದೇವಿಯ ಗುಡಿ. ಬಡಿಗ, ಕಮ್ಮಾರ, ಪತ್ತಾರ, ಕಂಚುಗಾರ, ಶಿಲ್ಪಿ ಎಂಬ ಐದು ಕಸುಬಿನ ವಿಶ್ವಕರ್ಮರಿಗೆ ಆಕೆ ಕುಲದೇವತೆ. ಯುಗಾದಿಯ ಹೊತ್ತಿಗೆ ನಡೆಯುವ ಜಾತ್ರೆಗೆ ಕರ್ನಾಟಕದ ಮೂಲೆಮೂಲೆಗಳಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಇನ್ನೊಂದು, ದೇಸಾಯರ ವಾಡೆ. 1861ರಲ್ಲಿ ಹುಟ್ಟಿ, ಈ ದೇಸಗತಿಗೆ ದತ್ತಕವಾಗಿ ಬಂದ ಲಿಂಗರಾಜ ದೇಸಾಯರು, 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದರು. 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಅಂದಿನ ಕಾಲಕ್ಕೆ ಆ ಸಮಾಜದಲ್ಲಿ ಅಕ್ಷರ ಬಲ್ಲವರು ಎಷ್ಟು ಕಡಿಮೆಯಿದ್ದರೆಂಬುದನ್ನು ನೆನೆದರೆ, ಆ ದಾನದ ಬೆಲೆ ತಿಳಿಯುತ್ತದೆ.

ಹೀಗೆ ಒಂದೇ ಊರಿನಲ್ಲಿ ಎರಡು ಸಮಾಜಗಳ ಹೆಗ್ಗುರುತುಗಳು. ಒಂದು ಸಮಾಜ ಸುತ್ತಲಿನ ಸೀಮೆಯಲ್ಲೆಲ್ಲ ಸಂಖ್ಯೆಯಲ್ಲಿ ದೊಡ್ಡದು. ಇನ್ನೊಂದು, ಊರಿಗೆ ನಾಲ್ಕಾರು ಮನೆಗಳಂತೆ ನಾಡೆಲ್ಲ ಚದುರಿದ್ದು. ಜಾತ್ರೆಯ ದಿನ ಮಾತ್ರ ತಾನೂ ದೊಡ್ಡದೆಂದು ಅದಕ್ಕೆ ಅನಿಸುತ್ತದೆ.

ಮಾಸ್ತರರು ಮೊದಲನೆಯ ಸಮಾಜದವರು. ಅವರ ಬಾಲ್ಯದ ಗೆಳೆಯ ಎರಡನೆಯದರವನು, ಬಡಿಗ. ಇಬ್ಬರೂ ಊರಿನ ಕನ್ನಡ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತು ಏಳನೆಯ ಇಯತ್ತೆಯವರೆಗೆ ಓದಿದರು. ಲೆಕ್ಕದಲ್ಲಿ ಗೆಳೆಯನೇ ಮುಂದಿದ್ದ. ಮುಂದೆ ಒಬ್ಬನು ಲಿಂಗರಾಜರ ದತ್ತಿಯ ನೆರವಿನಿಂದ ಪಟ್ಟಣಕ್ಕೆ ಹೋಗಿ ಓದಿ ಮಾಸ್ತರನಾದ. ಇನ್ನೊಬ್ಬನ ಕೈಗೆ ತಂದೆ ಉಳಿ ಕೊಟ್ಟ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ದಾನಿಯೊಬ್ಬ ತನ್ನ ಜನಕ್ಕೆಂದು ತೋಡಿಸಿದ ಬಾವಿಯ ನೀರನ್ನು ಆ ಜನದ ಹುಡುಗನೊಬ್ಬ ಕುಡಿದ, ಅಷ್ಟೆ. ಆದರೆ ಒಂದು ಬದಲಾವಣೆಯಾಯಿತು. ಶಾಲೆಯಲ್ಲಿ ಪರಸ್ಪರ 'ಲೇ' ಎಂದು ಕರೆದುಕೊಳ್ಳುತ್ತಿದ್ದವರಲ್ಲಿ ಒಬ್ಬನಿಗೆ ನೌಕರಿ ಸಿಕ್ಕ ದಿನದಿಂದ ಇನ್ನೊಬ್ಬನು 'ಮಾಸ್ತರ, ಬರ್‍ರಿ' ಎನ್ನತೊಡಗಿದ. ಮಾಸ್ತರರು ಮಾತ್ರ 'ನೀ' ಎಂಬುದನ್ನು ಬದಲಿಸಲಿಲ್ಲ. ಅದು ಸಲಿಗೆಯೆಂದು ಅವರು ತಿಳಿದಿದ್ದರು.

ಮತದಾನದ ದಿನ ಅವರಿಬ್ಬರಿಗೂ ಒಂದು ಹಬ್ಬವಾಗಿತ್ತು. ಮಾಸ್ತರರು ಬೆಳಗಿನ ಬಸ್ಸಿಗೆ ಬಂದಿಳಿಯುವರು. ಗೆಳೆಯನು ಬಸ್ಸಿನ ಕಟ್ಟೆಯಲ್ಲಿ ಕಾದಿರುವನು. ಇಬ್ಬರೂ ಕೂಡಿ ಮತಗಟ್ಟೆಗೆ ಹೋಗಿ, ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದು, ಬಡಿಗೆಯ ಸಾಲೆಯ ಮುಂದಣ ಬೇವಿನ ನೆರಳಲ್ಲಿ ಚಹ ಕುಡಿಯುವರು. ಆಗ ಮಾಸ್ತರರು ತಮ್ಮ ಸಿದ್ಧಾಂತವನ್ನು ಹೇಳದೆ ಬಿಡುತ್ತಿರಲಿಲ್ಲ. 'ನಾ ಎಂದೂ ಜಾತಿ ನೋಡಿ ಓಟು ಹಾಕಿದಾವಲ್ಲ. ಹೆಗಡೆಯವರು ನಮ್ಮ ಜಾತಿಯವರಾಗಿದ್ರೇನು?' ಈ ಮಾತು ಸುಳ್ಳಾಗಿರಲಿಲ್ಲ. ಸಿದ್ದಾಪುರ ಸೀಮೆಯ ಹವ್ಯಕ ಬ್ರಾಹ್ಮಣರಾದ ರಾಮಕೃಷ್ಣ ಹೆಗಡೆಯವರನ್ನು ಉತ್ತರ ಕರ್ನಾಟಕದ ಲಿಂಗಾಯತ ಮತದಾರರು ತಮ್ಮ ಮುಂದಾಳೆಂದೇ ಒಪ್ಪಿಕೊಂಡಿದ್ದರು. 1985ರಲ್ಲಿ ಅವರ ಜನತಾ ಪಕ್ಷವು 224 ಸ್ಥಾನಗಳಲ್ಲಿ 139ನ್ನು ಗೆದ್ದಾಗ, ಮಾಸ್ತರರು ಊರಿನಲ್ಲಿ ಪೇಢೆ ಹಂಚಿದ್ದರು.

ಗೆಳೆಯನು ನಗುತ್ತ ಕೇಳುವನು. ತನ್ನದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಊರಿನ ಎಲ್ಲ ಓಣಿಗಳ ಕೂರಿಗೆ, ರಂಟೆ, ಬಂಡಿಯ ಗಾಲಿಗಳು ಅವನ ಸಾಲೆಗೆ ಬರುತ್ತಿದ್ದವು. ಸುಗ್ಗಿಯಲ್ಲಿ ಎಲ್ಲ ಕಣಗಳಿಂದಲೂ ಅವನಿಗೆ ಆಯದ ಕಾಳು ಬರುತ್ತಿತ್ತು. ಯಾರ ಪಕ್ಷದವನೆಂದು ಹೆಸರು ಬಿದ್ದರೂ ಊರಿನ ಅರ್ಧ ಕಣಗಳ ಬಾಗಿಲು ಮುಚ್ಚೀತು. 'ನಮ್ಮ ಓಟು ನಮ್ಮ ಬಾಯಾಗ ಇರೂದಿಲ್ಲರಿ, ಬೆರಳಾಗ ಇರತೈತಿ' ಎಂದು ಒಮ್ಮೆ ಹೇಳಿದ್ದ. ಕಬ್ಬಿಣದ ಕೂರಿಗೆಗಳೂ ಟ್ರ್ಯಾಕ್ಟರುಗಳೂ ಬಂದು ಆಯ ನಿಂತುಹೋದ ಮೇಲೂ ಅವನ ಆ ರೂಢಿ ಬಿಡಲಿಲ್ಲ.

ಹೀಗಿರಲು 2018ರ ಮೇ 12ನೆಯ ದಿನ ಬಂದಿತು. ಆ ವರ್ಷದ ಚುನಾವಣೆಗೆ ಒಂದು ವಿಶೇಷವಿತ್ತು. ನ್ಯಾಯಮೂರ್ತಿ ನಾಗಮೋಹನದಾಸರ ಸಮಿತಿಯ ವರದಿಯನ್ನು ಅನುಸರಿಸಿ, ಲಿಂಗಾಯತರಿಗೆ ಧಾರ್ಮಿಕ ಅಲ್ಪಸಂಖ್ಯಾತರೆಂಬ ಮಾನ್ಯತೆ ಕೊಡಬೇಕೆಂದು ರಾಜ್ಯದ ಸಚಿವ ಸಂಪುಟವು ಮಾರ್ಚ್ 19ರಂದು ಕೇಂದ್ರಕ್ಕೆ ಶಿಫಾರಸು ಮಾಡಿತ್ತು. ಲಿಂಗಾಯತರ ಮತಗಳು ಯಾವ ಕಡೆಗೆ ವಾಲುವುವೆಂಬ ಲೆಕ್ಕಾಚಾರ ಎಲ್ಲ ಪತ್ರಿಕೆಗಳಲ್ಲಿಯೂ ತುಂಬಿತ್ತು. ಮಾಸ್ತರರಿಗೆ ಅದನ್ನೋದಿ ಬೇಸರವಾಗಿತ್ತು. 'ಇಷ್ಟು ಜನರನ್ನು ಒಂದೇ ಚೀಲದ ಜೋಳವೆಂದು ತಿಳಿದಿದ್ದಾರೆ! ಒಬ್ಬೊಬ್ಬರಿಗೆ ಒಂದೊಂದು ಬುದ್ಧಿಯಿಲ್ಲವೇ?' ಎಂದು ಮಗನೆದುರಿಗೆ ರೇಗಿದ್ದರು.

ಆ ದಿನ ಬೇವಿನ ನೆರಳಲ್ಲಿ ಕುಳಿತಾಗ, ಎಂದೂ ಕೇಳದ ಪ್ರಶ್ನೆಯನ್ನು ಮಾಸ್ತರರು ಕೇಳಿಬಿಟ್ಟರು. 'ಯಾರಿಗೆ ಹಾಕಿದಿ?'

ಗೆಳೆಯನು ಅತ್ತಿತ್ತ ನೋಡಿದ. ಧ್ವನಿ ತಗ್ಗಿಸಿ ಒಂದು ಹೆಸರು ಹೇಳಿದ. ಅದು ಮಾಸ್ತರರಿಗೆ ಸ್ವಲ್ಪವೂ ಸೇರದ ಉಮೇದುವಾರನ ಹೆಸರು.

'ಏನ ಕಂಡು ಹಾಕಿದಿ ಅವಗ?'

'ಹೋದ ಮಳಿಗಾಲದಾಗ ನಡುರಾತ್ರಿ ಸೊಸಿಗೆ ಬ್ಯಾನಿ ಎದ್ದಿದ್ದುವರಿ. ಗಾಡಿ ಸಿಗಲಿಲ್ಲ. ಅವರ ಕಡಿಯ ಹುಡುಗೊಬ್ಬ ಜೀಪು ತಂದು ಬಾಗಿಲದಾಗ ನಿಲ್ಲಿಸಿದ. ಸವದತ್ತಿ ದವಾಖಾನಿ ಮುಟ್ಟೂತನಕ ಕೂಡ ಇದ್ದ. ಕೂಸು ಉಳೀತು.'

'ಅಂದ್ರ, ಒಂದು ಜೀಪಿಗೆ ಓಟು ಮಾರಿದಿ ಅನ್ನು!'

ಮಾಸ್ತರರು ಅದನ್ನು ವಿನೋದಕ್ಕೆಂದೇ ಆರಂಭಿಸಿದ್ದರು. ಬಾಯಿಂದ ಹೊರಬಂದಾಗ ಅದು ವಿನೋದವಾಗಿ ಉಳಿದಿರಲಿಲ್ಲ. ಗೆಳೆಯನು ಚಹದ ಬಟ್ಟಲನ್ನು ಕೆಳಗಿಟ್ಟ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಿಸಲು ಭಾಳ ಐತಿ ಮಾಸ್ತರ. ನಿಮ್ಮ ಬಸ್ಸಿನ ಹೊತ್ತಾತು' ಎಂದ.

ಅಷ್ಟೇ. ಜಗಳವಾಗಲಿಲ್ಲ, ಕೂಗಾಟವಾಗಲಿಲ್ಲ. ಮುಂದಿನ ಯುಗಾದಿಗೆ ಜಾತ್ರೆಯ ಕರೆ ಬರಲಿಲ್ಲ. ಊರ ಮನೆಯ ಬಾಗಿಲಿನ ಅಗುಳಿ ಮುರಿದಾಗ ಮಾಸ್ತರರು ಹೇಳಿಕಳಿಸಿದರು. ಗೆಳೆಯನ ಕೈಕೆಳಗಿನ ಹುಡುಗ ಬಂದು ಕೂರಿಸಿ, ಕೂಲಿಯನ್ನು ಎಣಿಸಿಕೊಂಡು ಹೋದ. ಅರುವತ್ತು ವರ್ಷಗಳ ಸ್ನೇಹದಲ್ಲಿ ಆ ಮನೆಯ ಕೆಲಸಕ್ಕೆ ಕೂಲಿ ಎಣಿಸಿದ್ದು ಅದೇ ಮೊದಲು. ಹೊಸ ಅಗುಳಿಯನ್ನು ಮುಟ್ಟಿದಾಗಲೆಲ್ಲ ಮಾಸ್ತರರಿಗೆ ಏನೋ ಚುಚ್ಚಿದಂತಾಗುತ್ತಿತ್ತು.

ಅಮೆರಿಕದಲ್ಲಿ ನೆಲಸಿದ ಮಗಳಿಗೆ ಒಂದು ರವಿವಾರ ಫೋನಿನಲ್ಲಿ ಅವರು ಈ ಸಂಗತಿಯನ್ನು ಹೇಳಿಕೊಂಡರು. ತಾವು ತಪ್ಪಾಡಲಿಲ್ಲವೆಂದು ಅವಳು ಹೇಳಬಹುದೆಂಬ ಆಸೆಯಿತ್ತು. ಅವಳು ಬೇರೆಯೇ ಕಥೆ ಹೇಳಿದಳು. 'ಅಪ್ಪಾ, 2008ರಾಗ ಇಲ್ಲೂ ಹಿಂಗs ಅಂದಿದ್ರು' ಎಂದಳು.

ಆ ವರ್ಷ ಬರಾಕ್ ಒಬಾಮಾ ಅಧ್ಯಕ್ಷ ಪದವಿಗೆ ನಿಂತಾಗ, ಮತಗಟ್ಟೆಯಿಂದ ಹೊರಬಂದವರನ್ನು ಕೇಳಿ ಮಾಡಿದ ಸಮೀಕ್ಷೆಯ ಪ್ರಕಾರ, ಕರಿಯ ಮತದಾರರಲ್ಲಿ ನೂರಕ್ಕೆ 95 ಮಂದಿ ಅವರಿಗೆ ಮತ ಕೊಟ್ಟರು. 'ಬಣ್ಣ ನೋಡಿ ಹಾಕಿದರು' ಎಂದು ಹಲವರು ಒಂದೇ ಮಾತಿನಲ್ಲಿ ಲೆಕ್ಕ ಮುಗಿಸಿದರು. ಆದರೆ ಅದೇ ಸಮೀಕ್ಷೆಗಳ ಹಿಂದಿನ ಪುಟಗಳನ್ನು ತೆರೆದು ನೋಡಿದವರಿಗೆ ಬೇರೊಂದು ಕಂಡಿತು. 2000ದಲ್ಲಿ ಅದೇ ಪಕ್ಷದ ಅಲ್ ಗೋರ್ ಅವರಿಗೆ 90, 2004ರಲ್ಲಿ ಜಾನ್ ಕೆರಿಯವರಿಗೆ 88 ಮಂದಿ ಮತ ಕೊಟ್ಟಿದ್ದರು. ಅವರಿಬ್ಬರೂ ಬಿಳಿಯರು. ಅಷ್ಟೇ ಅಲ್ಲ, 2007ರಲ್ಲಿ, ಪಕ್ಷದ ಉಮೇದುವಾರ ಯಾರಾಗಬೇಕೆಂಬ ಸ್ಪರ್ಧೆಯಲ್ಲಿ, ಕರಿಯರಲ್ಲಿ ಬಹಳ ಮಂದಿ ಹಿಲರಿ ಕ್ಲಿಂಟನ್ ಅವರ ಕಡೆಗೇ ಒಲಿದಿದ್ದರು. 2008ರ ಜನವರಿಯಲ್ಲಿ, ಬಿಳಿಯರೇ ತುಂಬಿರುವ ಅಯೋವಾ ರಾಜ್ಯದಲ್ಲಿ ಒಬಾಮಾ ಗೆದ್ದ ಮೇಲೆ ಗಾಳಿ ಬಲವಾಗಿ ತಿರುಗಿತು. ತಮ್ಮವನನ್ನು ತಾವು ಒಪ್ಪುವ ಮೊದಲು, ಪರರು ಅವನನ್ನು ಒಪ್ಪುವರೋ ಇಲ್ಲವೋ ಎಂದು ಅವರು ಕಾದು ನೋಡಿದ್ದರು. ಬಣ್ಣದ ಪ್ರಭಾವವೇ ಇರಲಿಲ್ಲವೆಂದಲ್ಲ. 88 ಹೋಗಿ 95 ಆದುದರಲ್ಲಿ ಅದೂ ಸೇರಿತ್ತು. ಬಣ್ಣ ಕಂಡೇ ಮುಖ ತಿರುಗಿಸಿದವರೂ ಇದ್ದರು. ಆದರೂ ಕೆರಿಯವರಿಗೆ ನೂರರಲ್ಲಿ 41 ಬಿಳಿಯರು ಮತ ಕೊಟ್ಟಿದ್ದರೆ, ಒಬಾಮಾ ಅವರಿಗೆ 43 ಮಂದಿ ಕೊಟ್ಟರು. 'ಸಂಖ್ಯೆ ಒಂದs ಇರತೈತಿ ಅಪ್ಪಾ, ಅದರ ಹಿಂದಿನ ಕಾರಣ ಹತ್ತು ಇರತಾವ' ಎಂದು ಮಗಳು ಫೋನಿಟ್ಟಳು.

ಮಾಸ್ತರರಿಗೆ ಅಂದು ರಾತ್ರಿ ನಿದ್ರೆ ಬರಲಿಲ್ಲ. ಕತ್ತಲೆಯಲ್ಲಿ ಮಲಗಿ, ತಾವು ಕಂಡ ಚುನಾವಣೆಗಳನ್ನು ಒಂದೊಂದಾಗಿ ಎಣಿಸತೊಡಗಿದರು. ದೇವರಾಜ ಅರಸರ ಸಮುದಾಯ ಎಷ್ಟು ದೊಡ್ಡದಾಗಿತ್ತು? ನಾಡಿನಲ್ಲಿ ಬೆರಳೆಣಿಕೆಯ ಜನ. ಆದರೂ 1972ರಲ್ಲಿ 216 ಸ್ಥಾನಗಳಲ್ಲಿ ಅವರ ಪಕ್ಷ 165ನ್ನು ಗೆದ್ದಿತ್ತು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ. ಒಂದು ಕಡೆ ಅಲಹಾಬಾದಿನಲ್ಲಿ ಹುಟ್ಟಿದ ಕಾಶ್ಮೀರಿ ಪಂಡಿತರ ಮನೆತನದ ಇಂದಿರಾ ಗಾಂಧಿ. ಇನ್ನೊಂದು ಕಡೆ ಕಲಬುರ್ಗಿ ಸೀಮೆಯ ಲಿಂಗಾಯತ ಮುಖಂಡ ವೀರೇಂದ್ರ ಪಾಟೀಲ. ಮಲೆನಾಡಿನ ಮತದಾರನಿಗೆ ಇಬ್ಬರೂ ಹೊರಗಿನವರೇ. ಗೆದ್ದವರು ಇಂದಿರಾ. 1974ರ ತಿದ್ದುಪಡಿಯಿಂದ ಉಳುವ ನೆಲ ತನ್ನದಾದೀತೆಂಬ ಭರವಸೆ ಪಡೆದ ಗೇಣಿದಾರನು ಅಲ್ಲಿ ಯಾರ ಕುಲವನ್ನು ನೋಡಿದ್ದ? ಮುಖ್ಯಮಂತ್ರಿಯಾದ ಮೇಲೆ ಹೆಗಡೆಯವರಿಗೆ ಶಾಸಕ ಸ್ಥಾನ ಬೇಕಾದಾಗ, 1983ರ ಉಪಚುನಾವಣೆಯಲ್ಲಿ ಅವರನ್ನು ಆರಿಸಿ ಕಳಿಸಿದ್ದು ಒಕ್ಕಲಿಗರು ಬಹುಸಂಖ್ಯೆಯಲ್ಲಿರುವ ಕನಕಪುರ. ಇನ್ನು 1996ರಲ್ಲಿ ಬೆಳಗಾವಿಯ ಲೋಕಸಭಾ ಕ್ಷೇತ್ರದಲ್ಲಿ, ಗಡಿಯ ತಂಟೆಯನ್ನು ದೇಶಕ್ಕೆ ತೋರಿಸಬೇಕೆಂದು ಮರಾಠಿ ಸಮಿತಿಯವರು ನೂರಾರು ಜನರನ್ನು ನಿಲ್ಲಿಸಿದ್ದರಿಂದ ಉಮೇದುವಾರರ ಸಂಖ್ಯೆ 456ಕ್ಕೆ ಏರಿತ್ತು. ಮತಪತ್ರಿಕೆ ಪುಸ್ತಕದಂತಾಗಿತ್ತು. ಭಾಷೆಯ ಅಭಿಮಾನವು ಅಷ್ಟು ಹೆಸರುಗಳನ್ನು ಹುಟ್ಟಿಸಬಲ್ಲುದಾಗಿತ್ತು. ಆದರೆ 2018ರಲ್ಲಿ ಅದೇ ಸಮಿತಿಯಿಂದ ಒಬ್ಬನೂ ವಿಧಾನಸಭೆಗೆ ಆರಿಸಿ ಬರಲಿಲ್ಲ. ಅಷ್ಟರಲ್ಲಿ ಮರಾಠಿ ಮಾತಾಡುವವರ ಮನೆಮಾತೇನೂ ಬದಲಾಗಿರಲಿಲ್ಲ. ಮತವನ್ನು ನಡೆಸುವ ಕಾರಣಗಳು ಬದಲಾಗಿದ್ದವು.

ಪರರ ಲೆಕ್ಕವೆಲ್ಲ ಮುಗಿದ ಮೇಲೆ ತಮ್ಮ ಲೆಕ್ಕದ ಸರದಿ ಬಂದಿತು. 1990ರ ಅಕ್ಟೋಬರ್ ನೆನಪಾಯಿತು. ಅದಕ್ಕೆ ಒಂದು ವರ್ಷ ಹಿಂದೆ ಕಾಂಗ್ರೆಸ್ಸು 178 ಸ್ಥಾನಗಳನ್ನು ಗೆದ್ದು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾಗಿದ್ದರು. ಪಾರ್ಶ್ವವಾಯು ಬಡಿದು ಅವರು ಹಾಸಿಗೆ ಹಿಡಿದಿದ್ದಾಗ, ರಾಜ್ಯದಲ್ಲಿ ಕೋಮುಗಲಭೆ ಎದ್ದಿದ್ದ ಸಮಯದಲ್ಲಿ, ಪಕ್ಷದ ಅಧ್ಯಕ್ಷ ರಾಜೀವ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವದ ಬದಲಾವಣೆಯನ್ನು ಸಾರಿದರು. ಆ ಸುದ್ದಿ ಓದಿದ ದಿನ ಮಾಸ್ತರರಿಗೆ ರೊಟ್ಟಿ ಗಂಟಲಿನಲ್ಲಿ ಇಳಿದಿರಲಿಲ್ಲ. ಹೆಗಡೆಯವರ ಅಭಿಮಾನಿಯಾದ ಅವರು ಪಾಟೀಲರ ಪಕ್ಷಕ್ಕೆ ಮತ ಕೊಟ್ಟವರೇ ಅಲ್ಲ. ಆದರೂ ತಮ್ಮ ಮನೆಯ ಹಿರಿಯರೊಬ್ಬರನ್ನು ಯಾರೋ ಜನರೆದುರಿಗೆ ಜಗಲಿಯಿಂದ ಇಳಿಸಿದಂತೆ ಅವರಿಗೆ ಆಗಿತ್ತು. 1994ರಲ್ಲಿ ಕಾಂಗ್ರೆಸ್ಸು 34 ಸ್ಥಾನಗಳಿಗೆ ಕುಸಿಯಿತು. 'ಐದು ವರ್ಷದಾಗ ಮೂರು ಮುಖ್ಯಮಂತ್ರಿ, ಸರಕಾರಕ್ಕ ನೆಲಿ ಇಲ್ಲ, ಹಾಕಿದಿಲ್ಲ' ಎಂದು ಮಾಸ್ತರರು ಆಗ ಬೇವಿನ ನೆರಳಲ್ಲಿ ಕುಳಿತು ಹೇಳಿದ್ದರು. ಅದೂ ನಿಜವೇ. ಆದರೆ ಮತಗಟ್ಟೆಗೆ ಹೋಗುವಾಗ ಅವರ ಕಾಲಿಗೆ ವೇಗ ಕೊಟ್ಟದ್ದು ಆ ಲೆಕ್ಕವಲ್ಲ, ನಾಲ್ಕು ವರ್ಷ ಹಳೆಯದಾದ ಆ ನೋವು. ಗೆದ್ದ ಜನತಾದಳವು ಮುಖ್ಯಮಂತ್ರಿ ಮಾಡಿದ್ದು ಒಕ್ಕಲಿಗರಾದ ದೇವೇಗೌಡರನ್ನು; ಅದರಿಂದ ಮಾಸ್ತರರಿಗೇನೂ ಬೇಸರವಾಗಲಿಲ್ಲ. ನಮ್ಮವನೇ ಗದ್ದುಗೆ ಏರಬೇಕೆಂಬ ಹಟ ಅವರಿಗಿರಲಿಲ್ಲ. ನಮ್ಮವನಿಗೆ ಅವಮಾನವಾಗಬಾರದಿತ್ತು ಎಂಬ ಸಂಕಟವಿತ್ತು. ಇದನ್ನು ಜಾತಿಯೆನ್ನಬೇಕೋ, ಮಾನವೆನ್ನಬೇಕೋ? ಪರರಲ್ಲಿ ಕಂಡಿದ್ದರೆ ಮಾಸ್ತರರು ಇದಕ್ಕೆ ಯಾವ ಹೆಸರಿಡುತ್ತಿದ್ದರು?

ಗೆಳೆಯನು ಜೀಪಿನ ಕಥೆ ಹೇಳಿದ್ದು ತಮ್ಮೊಬ್ಬರಿಗೇ ಎಂಬುದು ಆಗ ಅವರಿಗೆ ಥಟ್ಟನೆ ನೆನಪಾಯಿತು. ಜೀವಮಾನವೆಲ್ಲ ಬೆರಳಿನಲ್ಲಿಯೇ ಉಳಿಸಿಕೊಂಡಿದ್ದ ಗುಟ್ಟನ್ನು ಅವನು ಒಬ್ಬರನ್ನು ನಂಬಿ ಬಾಯಿಗೆ ತಂದಿದ್ದ.

ಆದರೂ, ಹೋಗಿ ಮಾತಾಡಿಸಲು ಮಾಸ್ತರರಿಗೆ ವರ್ಷಗಳೇ ಬೇಕಾದುವು. ತಪ್ಪು ತಿಳಿಯುವುದು ಬೇಗ, ತಪ್ಪೆನ್ನುವುದು ನಿಧಾನ. 2023ರ ಮೇ 10ರಂದು ಮತ್ತೆ ವಿಧಾನಸಭೆಯ ಮತದಾನ. ಎಂಬತ್ತು ದಾಟಿದವರು ಮನೆಯಿಂದಲೇ ಮತ ಹಾಕುವ ಅನುಕೂಲ ಆ ಸಲ ಬಂದಿತ್ತು. ಮಾಸ್ತರರಿಗೆ ಇನ್ನೂ ಮೂರು ವರ್ಷ ಕಡಿಮೆ. ಬಿಸಿಲಿಗೆ ಅಂಜಿ ಮಗ ಬೇಡವೆಂದರೂ ಅವರು ಬಸ್ಸು ಹತ್ತಿದರು. ಕಟ್ಟೆಯಲ್ಲಿ ಯಾರೂ ಕಾದಿರಲಿಲ್ಲ. ಒಬ್ಬರೇ ಹೋಗಿ ಮತ ಹಾಕಿದರು. ಬಳಿಕ ನೇರವಾಗಿ ಬಡಿಗೆಯ ಸಾಲೆಗೆ ನಡೆದರು.

ಗೆಳೆಯನು ತೊಟ್ಟಿಲಿನ ಕಾಲೊಂದಕ್ಕೆ ಉಜ್ಜುಗೊರಡು ಹಾಕುತ್ತಿದ್ದ. ಬೆರಳಿಗೆ ಶಾಯಿ ಆಗಲೇ ಹತ್ತಿತ್ತು. 'ಬರ್‍ರಿ ಮಾಸ್ತರ' ಎಂದ, ಕೈ ನಿಲ್ಲಿಸಲಿಲ್ಲ.

'ಆ ದಿನ ನಾ ಅಂದದ್ದು ತಪ್ಪಾತು' ಎಂದರು ಮಾಸ್ತರರು.

ಉಜ್ಜುಗೊರಡು ಇನ್ನೂ ನಾಲ್ಕು ಬಾರಿ ಓಡಿತು. ಹೊಟ್ಟು ಸುರುಳಿಸುರುಳಿಯಾಗಿ ಬಿದ್ದಿತು. ಆಮೇಲೆ ಅವನು ತಲೆಯೆತ್ತಿದ. 'ಮಾರಾವ್ನು ಇದ್ರ ಮಾರತಿದ್ದೆನರಿ. ಆ ಸಲ ರೊಕ್ಕಾ ಹಿಡಕೊಂಡು ಬಾಗಿಲಕ್ಕ ಬಂದವರು ಬ್ಯಾರೇನs ಇದ್ರು. ಅವರಿಗೆ ನಾ ಹಾಕಲಿಲ್ಲ. ಜೀಪು ತಂದಾವಾ ಓಟು ಕೇಳಿರಲಿಲ್ಲ.'

ಮಾಸ್ತರರಿಗೆ ಮಾತು ಹೊರಡಲಿಲ್ಲ. ಆದರೂ ಮಾಸ್ತರಿಕೆ ಸುಲಭವಾಗಿ ಬಿಡುವಂಥದಲ್ಲ. 'ಅದು ಖರೆ. ಆದರ ಊರಾಗ ಚಲೋ ದವಾಖಾನಿ ಇದ್ರ ಜೀಪು ಯಾಕ ಬೇಕಾಗತಿತ್ತು? ನಾವು ದವಾಖಾನಿ ಕೇಳಬೇಕಲ್ಲ?' ಎಂದರು.

'ಕೇಳೂಣು. ದವಾಖಾನಿ ಬರೂತನಕ ಜೀಪು ಬೇಕಲ್ಲರಿ?'

ಇಬ್ಬರೂ ಸ್ವಲ್ಪ ನಕ್ಕರು. ಚಹ ಬಂದಿತು. ಗೆಳೆಯನು ಬಟ್ಟಲನ್ನು ಕೈಯಲ್ಲಿ ಹಿಡಿದು, ಬಹಳ ದಿನದಿಂದ ಮಡಚಿಟ್ಟದ್ದನ್ನು ಬಿಚ್ಚುವವನಂತೆ ಮೆಲ್ಲಗೆ ಹೇಳಿದ:

'ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನೀವು ಜಾತಿ ನೋಡಿ ಓಟು ಹಾಕಿಲ್ಲ ಅಂತೀರಿ. ಖರೆ ಇದ್ದೀತು. ಆದರ, ನೋಡೂ ಪಾಳಿ ನಿಮಗ ಯಾವಾಗ ಬಂದಿತ್ತರಿ? ಯಾವ ಪಕ್ಷ ಬಂದ್ರೂ ನಿಮ್ಮವರು ಒಬ್ಬರರೆ ಇದ್ದs ಇರತಾರ. ಕಚೇರ್‍ಯಾಗ ಅದಾರ, ಬ್ಯಾಂಕಿನಾಗ ಅದಾರ, ಸಾಲ್ಯಾಗ ನೀವs ಇದ್ರಿ. ಉಂಡಾವಗ ಹಸಿವಿನ ನೆನಪು ಇರೂದಿಲ್ಲ. ನಮ್ಮವರು ಆರಿಸಿ ಬಂದದ್ದನ್ನ ಈ ಸೀಮ್ಯಾಗ ನಾ ಕಂಡಿಲ್ಲ. ಹಂಗಂತ ನಮಗ ನಮ್ಮವರು ಬ್ಯಾಡ ಅಂತಲ್ಲ. ನಿಂತರ ನನಗೂ ಆಸೆ ಆದೀತು. ನಿಲ್ಲದಾಗ, ನಮ್ಮ ಮಾತು ಕಿವಿಯಾಗ ಹಾಕ್ಕೊಳ್ಳಾವಾ ಯಾವ ಅಂತ ನೋಡತೀವಿ. ಅವನs ಆ ಹೊತ್ತಿಗೆ ನಮ್ಮವ.'

ಮಾಸ್ತರರು ಬಹಳ ಹೊತ್ತು ಮಾತಾಡಲಿಲ್ಲ. ತಮಗೆ ಓದಿಸಿದ ದತ್ತಿ, ಆ ದತ್ತಿಯ ಬಾಗಿಲಿನ ಹೊರಗೆ ಉಳಿದ, ಲೆಕ್ಕದಲ್ಲಿ ಜಾಣನಾದ ಹುಡುಗ, ಎರಡೂ ಕಣ್ಣ ಮುಂದೆ ಬಂದುವು. ತಾವು ಜಾತಿಯನ್ನು ಮೀರಿದವರೆಂದು ಹೇಳಿಕೊಳ್ಳುವಷ್ಟು ಎತ್ತರಕ್ಕೆ ಏರಲು ತಮಗೆ ಏಣಿ ಹಾಕಿದ್ದೇ ಜಾತಿಯೆಂಬುದು ಆ ಮಧ್ಯಾಹ್ನ ಮೊದಲ ಬಾರಿಗೆ ಸ್ಪಷ್ಟವಾಯಿತು. ಏಣಿ ಹಾಕಿದವರ ಮೇಲಿನ ಕೃತಜ್ಞತೆ ಅದರಿಂದ ಕಡಿಮೆಯಾಗಲಿಲ್ಲ. ಕೆಳಗೆ ನಿಂತವನನ್ನು 'ನೀನೇಕೆ ಏಣಿ ಹುಡುಕುತ್ತೀಯೆ?' ಎಂದು ಗದರಿಸುವ ಅಧಿಕಾರ ಮಾತ್ರ ಉಳಿಯಲಿಲ್ಲ.

'ನಾನೂ ಜಾತಿ ನೋಡೀನಿ' ಎಂದರು ಕೊನೆಗೆ. 'ವೀರೇಂದ್ರ ಪಾಟೀಲರನ್ನ ಇಳಿಸಿದಾಗ ನೋಡೀನಿ. ಸರಕಾರಕ್ಕ ನೆಲಿ ಇಲ್ಲ ಅಂತ ನಿನ್ನ ಮುಂದ ಹೇಳಿದ್ದೆ.'

ಗೆಳೆಯನು ದೊಡ್ಡದಾಗಿ ನಕ್ಕುಬಿಟ್ಟ. 'ಗೊತ್ತೈತೇಳಲೇ! ಮೂರು ದಿನ ನಿನ್ನ ಮಾರಿ ನೋಡಾಕ ಆಗಿದ್ದಿಲ್ಲ.'

ಐವತ್ತು ವರ್ಷಗಳಿಗೂ ಹಿಂದೆ ಕಳೆದುಹೋಗಿದ್ದ 'ಲೇ' ಎಂಬ ಆ ಒಂದಕ್ಷರವನ್ನು ಮಾಸ್ತರರು ಗುರುತಿಸಿದರು. ಅವನು ಗುರುತಿಸಿದಂತೆ ಕಾಣಲಿಲ್ಲ.

ಸಂಜೆಯ ಬಸ್ಸಿನ ಹೊತ್ತಿಗೆ ಗೆಳೆಯನು ಕಟ್ಟೆಯವರೆಗೆ ಬಂದ. 'ಈ ಸಲ ಯಾರಿಗೆ ಹಾಕಿದ್ರಿ?' ಎಂದು ಕೇಳಿದ. ಮಾಸ್ತರರು ಅತ್ತಿತ್ತ ನೋಡಿ, ಧ್ವನಿ ತಗ್ಗಿಸಿ ಹೆಸರು ಹೇಳಿದರು. ಏಕೆಂದೂ ಹೇಳಿದರು. ಗೆಳೆಯನಿಗೆ ಆ ಹೆಸರು ಸೇರಲಿಲ್ಲವೆಂಬುದು ಅವನ ಹುಬ್ಬಿನಿಂದ ತಿಳಿಯಿತು. ಆದರೆ ಅವನು ಕೇಳಿಕೊಂಡ, ಅಷ್ಟೇ.

ಮೂರು ದಿನಗಳ ಮೇಲೆ ಫಲಿತಾಂಶ ಬಂದಿತು. ಕಾಂಗ್ರೆಸ್ಸಿಗೆ 135, ಭಾಜಪಕ್ಕೆ 66, ಜಾತ್ಯತೀತ ಜನತಾದಳಕ್ಕೆ 19. ಯಾವ ಸಮಾಜದ ಮತ ಎಲ್ಲಿಗೆ ಹೋಯಿತು, ಏಕೆ ಹೋಯಿತು ಎಂಬ ವಿವರಣೆಗಳು ಪತ್ರಿಕೆಗಳಲ್ಲಿ ಮತ್ತೆ ಸಾಲುಸಾಲಾಗಿ ಬಂದುವು. ಮಾಸ್ತರರು ಅವನ್ನೆಲ್ಲ ತಪ್ಪದೆ ಓದಿದರು. ಉಪಾಹಾರದ ಹೊತ್ತಿಗೆ ಮಗನು ಎಂದಿನಂತೆ, 'ನೋಡಿದಿರೇನಪ್ಪಾ, ಎಲ್ಲರೂ ಜಾತಿ ನೋಡಿಯೇ ಹಾಕಿದ್ದಾರೆ' ಎಂದ.

ಮಾಸ್ತರರು ಪತ್ರಿಕೆಯನ್ನು ಮಡಚಿಟ್ಟರು. 'ಇರಬಹುದು. ಕೇಳಿ ನೋಡಬೇಕು' ಎಂದರು.